ಪಾಲಿಮರ್ ಹೊದಿಸಿದ ಚಿನ್ನದ ನ್ಯಾನೋ ಕಣದ ಕೀಮೋ ಮುಂಬೈನಲ್ಲಿ ಸಿಗುತ್ತಾ?

ನಿಮ್ಮ ತಾಯಿಗೆ ಡಾಕ್ಸೊರುಬಿಸಿನ್ ಅನ್ನುವ ಕೀಮೋ ಔಷಧಿ ಕೊಡುತ್ತಿದ್ದಾರೆ. ಅದನ್ನೇ ಚಿನ್ನದ ನ್ಯಾನೋ ಕಣಕ್ಕೆ ಕಟ್ಟಿ, ಪಾಲಿಮರ್ ಹೊದಿಸಿ ಕೊಟ್ಟರೆ ಗಡ್ಡೆಯೊಳಗೆ ಮಾತ್ರ ಬಿಡುಗಡೆ ಆಗುತ್ತದೆ ಅಂತ ಮಾಟುಂಗದ ಪರಿಚಯದವರು ಹೇಳಿದರು, ನಿಜವಾ ಅಂತ ಕೇಳಿದ್ದೀರಿ. ನಾನು ಪುಣೆಯ ಪಾಷಾಣ್ ಕಡೆ ಒಂದು ಲ್ಯಾಬಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಕೊಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ದೂರ ಇಡಿ.

ಹಾಗಂತ ವಿಷಯ ಸುಳ್ಳಲ್ಲ. ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿ ತುಂಬಿ 37 ಡಿಗ್ರಿಯ ಬಫರಿನಲ್ಲಿ, ಅಂದರೆ ಹುಳಿಯ ಮಟ್ಟ ಬದಲಾಗದ ದ್ರಾವಣದಲ್ಲಿ, ಇಳಿಬಿಡುತ್ತೇವೆ. ಚೀಲ ಔಷಧಿಯನ್ನು ಹೊರಗೆ ಬಿಡುತ್ತದೆ, ಕಣವನ್ನು ಬಿಡುವುದಿಲ್ಲ. ಒಂದು ಬೀಕರಿನ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 7.4, ರಕ್ತದ ಹಾಗೆ. ಇನ್ನೊಂದರದ್ದು 5ರ ಆಸುಪಾಸು, ಜೀವಕೋಶ ಕಣವನ್ನು ನುಂಗಿದ ಮೇಲೆ ಒಳಗಿರುವಷ್ಟು ಹುಳಿ. ಔಷಧಿಯನ್ನು ಹೈಡ್ರಜೋನ್ ಬಂಧದಿಂದ ಕಟ್ಟಿದ್ದರೆ ಆ ಹುಳಿಗೆ ಬಂಧ ಮುರಿಯುತ್ತದೆ. ಡಾಕ್ಸೊರುಬಿಸಿನ್ ಬಣ್ಣ ಕೆಂಪು, ಹಾಗಾಗಿ ಎರಡನೇ ಬೀಕರಿಗೆ ಬಣ್ಣ ಏರುತ್ತಾ ಹೋಗುತ್ತದೆ. ಸುಮ್ನೆ ಪಾಲಿಮರಿನ ಸಂದಿಯಲ್ಲಿ ಸಿಕ್ಕಿಸಿದ ಔಷಧಿಗೆ ಈ ಶಿಸ್ತು ಇರುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲೇ ದೊಡ್ಡ ಪಾಲು ಸೋರಿಬಿಡಬಹುದು. ಯಾವ ಪೇಪರ್ ಕೈಗೆ ಬಂದರೂ ನಾನು ಮೊದಲು ನೋಡುವುದು ಅದನ್ನೇ.

ಪಾಲಿಮರ್ ಬೇಕಾಗುವುದು ಇನ್ನೊಂದಕ್ಕೂ. ಪಾಲಿಮರ್ ಇಲ್ಲದೆ ಮೈಮೇಲೆ ಬರೀ ಸಿಟ್ರೇಟ್ ಅನ್ನುವ ಲವಣ ಇರುವ ಚಿನ್ನದ ಕಣಗಳ ದ್ರಾವಣ ವೈನ್ ಬಣ್ಣಕ್ಕಿರುತ್ತದೆ. ಉಪ್ಪುನೀರು ಬಿಟ್ಟರೆ ನೋಡನೋಡುತ್ತಲೇ ನೀಲಿ. ಕಣಗಳು ಒಂದಕ್ಕೊಂದು ಅಂಟಿಕೊಂಡವು ಅಂತ ಅರ್ಥ. ರಕ್ತದಲ್ಲೂ ಉಪ್ಪಿದೆ ಅಲ್ವಾ? ಪೆಗ್ ಹೊದಿಸಿದ ಕಣ ಕೆಂಪಾಗಿಯೇ ಉಳಿಯುತ್ತದೆ. ಪೆಗ್ ಅಂದರೆ ಪಾಲಿಎಥಿಲೀನ್ ಗ್ಲೈಕಾಲ್, ಬಾರಿನದ್ದಲ್ಲ.

ತೊಡಕು ಇರುವುದು ದಾರಿಯಲ್ಲಿ. ಚುಚ್ಚಿದ ಕಣಗಳಲ್ಲಿ ಹೆಚ್ಚಿನವನ್ನು ಲಿವರ್ ಮತ್ತು ಸ್ಪ್ಲೀನ್ ಹಿಡಿದುಕೊಳ್ಳುತ್ತವೆ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಲೆಕ್ಕ ಹಾಕಿದಾಗ, ಗಡ್ಡೆ ತಲುಪಿದ ಪಾಲಿನ ಮಧ್ಯಾಂಕ ಶೇ. 0.7 ಮಾತ್ರ. ಅದು ಎಲ್ಲ ಬಗೆಯ ನ್ಯಾನೋ ಕಣಗಳಿಗೆ ಸೇರಿದ ಲೆಕ್ಕ. ಚಿನ್ನವಂತೂ ಕರಗುವುದೂ ಇಲ್ಲ, ತಿಂಗಳುಗಟ್ಟಲೆ ಲಿವರಿನಲ್ಲೇ ಕೂತಿರುತ್ತದೆ.

ಡಾಕ್ಸೊರುಬಿಸಿನ್‌ನದೇ ಇನ್ನೊಂದು ನ್ಯಾನೋ ರೂಪ ಇದೆ, ಲಿಪೋಸೋಮ್‌ನದ್ದು. ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿದೆ, ನಮ್ಮಲ್ಲೂ ಸಿಗುತ್ತದೆ. ಲೋಹ ಇಲ್ಲ. ಕೊಬ್ಬಿನ ಸಣ್ಣ ಗುಳ್ಳೆ, ಮೇಲೆ ಅದೇ ಪೆಗ್. ಹೃದಯಕ್ಕೆ ಪೆಟ್ಟು ಕಮ್ಮಿ, ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ತೊಂದರೆ ಜಾಸ್ತಿ. ಎಲ್ಲ ಕ್ಯಾನ್ಸರಿಗೂ ಹೊಂದುವುದಿಲ್ಲ. ತಾಯಿಯವರಿಗೆ ಆಗುತ್ತದಾ ಅಂತ ಅವರ ಆಂಕಾಲಜಿಸ್ಟ್ ಹತ್ತಿರವೇ ಕೇಳಿ. ಹೋಗುವಾಗ ಹಳೆಯ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟುಗಳನ್ನೂ ತೆಗೆದುಕೊಂಡು ಹೋಗಿ.