ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಹೊಸಬರು ಕಳಿಸಿದ ಡಾಕ್ಯುಮೆಂಟೇಶನ್ (ಬಳಕೆಯ ವಿವರಣೆ) ತುಂಬ ತಪ್ಪುಗಳಿದ್ದರೆ ನಾನೇ ತಿದ್ದಿ ಸೇರಿಸಬೇಕಾ, ವಾಪಸ್ ಕಳಿಸಬೇಕಾ?

ಎರಡಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಅವರು ಬರೆದದ್ದನ್ನು ಬರೆದ ಹಾಗೆಯೇ ಒಂದು ಖಾಲಿ ಮಷೀನಿನಲ್ಲಿ ಮಾಡಿ ನೋಡಿ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಆದರೂ ಸಾಕು. ಕಾಗುಣಿತ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಕಾಸರಗೋಡಿನವನು. ಬಿಡುವಿನಲ್ಲಿ ಕನ್ನಡ ಟೈಪಿಂಗಿನ ಒಂದು ಸಣ್ಣ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಪೆರ್ಲ ಕಡೆಯ ಕಾಲೇಜು ಹುಡುಗಿಯೊಬ್ಬಳು ಇನ್‌ಸ್ಟಾಲ್ ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದು ಪುಲ್ ರಿಕ್ವೆಸ್ಟ್ (ಇದನ್ನು ಪ್ರಾಜೆಕ್ಟಿಗೆ ಸೇರಿಸಿ ಎಂಬ ಕೋರಿಕೆ) ಕಳಿಸಿದಳು. ಇಲ್ಲಿಯ ಶಾಲೆಗಳಲ್ಲಿ ಇರುವುದು ಉಬುಂಟು ಆಧರಿಸಿದ ಕೈಟ್ ಗ್ನೂ/ಲಿನಕ್ಸ್, ಹಾಗಾಗಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಅವಳಿಗೆ ಹೊಸತಲ್ಲ. ಫೈಲುಗಳ ಬದಲಾವಣೆಯ ಲೆಕ್ಕವಿಡುವ ಗಿಟ್ ಹೊಸತು.

ನಾನು ಉತ್ಸಾಹದಿಂದ 14 ಕಮೆಂಟ್ ಬರೆದಿಟ್ಟೆ. ಇಲ್ಲಿ ಮಹಾಪ್ರಾಣ ಬೇಕು, ಅಲ್ಲಿ ಸ್ಪೇಸ್ ಇಲ್ಲ, 'ಕಡತ' ಯಾಕೆ, 'ಫೈಲ್' ಸಾಲದಾ... ಕಳಿಸುವ ಮೊದಲು ಸುಮ್ನೆ ಕಮಾಂಡುಗಳನ್ನು ಓಡಿಸಿದೆ. ಪ್ರಾಜೆಕ್ಟಿನ ಪ್ರತಿ ಇಳಿಸಿಕೊಳ್ಳುವ ಗಿಟ್ ಕ್ಲೋನ್ ಸಾಲಿನಲ್ಲೇ ನಿಂತಿತು: 'ಟೂ ಮೆನಿ ಆರ್ಗ್ಯುಮೆಂಟ್ಸ್'.

ಕಣ್ಣಿಗೆ ಎಲ್ಲ ಸರಿಯೇ ಇತ್ತು. ಗಿಟ್ ಕ್ಲೋನ್, ಡೆಪ್ತ್ 1, ಆಮೇಲೆ ಲಿಂಕ್. ಅಕ್ಷರ ದೊಡ್ಡದು ಮಾಡಿ ನೋಡಿದರೆ, 'ಡೆಪ್ತ್' ಮುಂದೆ ಎರಡು ಗಿಡ್ಡ ಗೆರೆ ಇರಬೇಕಾದಲ್ಲಿ ಒಂದೇ ಉದ್ದ ಗೆರೆ! ಲಿಬ್ರೆ ಆಫೀಸ್ ರೈಟರಿನಲ್ಲಿ ಬರೆದು ತಂದು ಅಂಟಿಸಿದ್ದಳು. ಅದರ ಆಟೋಕರೆಕ್ಟ್ ಎರಡನ್ನೂ ಸೇರಿಸಿ ಡ್ಯಾಶ್ ಮಾಡಿಬಿಟ್ಟಿತ್ತು. ಅದು ಆಪ್ಶನ್ (ಕಮಾಂಡಿಗೆ ಕೊಡುವ ಸೂಚನೆ) ಅಂತ ಗಿಟ್‌ಗೆ ಗೊತ್ತಾಗದೆ, ಪದಗಳು ಹೆಚ್ಚಾದವು ಅಂದಿತು. 14 ಕಮೆಂಟಿನಲ್ಲಿ ಇದೊಂದು ಇರಲೇ ಇಲ್ಲ ನೋಡಿ.

ನಮ್ಮ ಹಳೆಯ ಸೂಚನೆಯಲ್ಲಿ ಡೆಪ್ತ್ ಎಂಬುದೇ ಇರಲಿಲ್ಲ. ಯಾಕೆ ಹಾಕಿದ್ದು ಅಂತ ಕೇಳಿದೆ. "ಅಣ್ಣ, ಮಳೆ ಬಂದ್ರೆ ನಮ್ಮಲ್ಲಿ ನೆಟ್ ನಿಲ್ಲುದಿಲ್ಲ. ಅರ್ಧದಲ್ಲಿ ಕಟ್ ಆದ್ರೆ ಪುನಃ ಮೊದಲಿಂದ ಇಳಿಸ್ಬೇಕು" ಅಂದಳು. ಹೌದಲ್ವಾ! ಕ್ಲೋನ್ ನಡುವೆ ನಿಂತರೆ ಗಿಟ್ ಅಲ್ಲಿಂದಲೇ ಮುಂದುವರಿಸುವುದಿಲ್ಲ. ಡೆಪ್ತ್ 1 ಕೊಟ್ಟರೆ ಹಳೆಯ ಇತಿಹಾಸ ಬಿಟ್ಟು ಕೊನೆಯ ಕಮಿಟ್, ಅಂದರೆ ಈಗಿನ ರೂಪ ಮಾತ್ರ ಇಳಿಯುತ್ತದೆ. ಮನೆಯಲ್ಲಿ ಫೈಬರ್ ಇರುವ ನನಗೆ ಇದು ಯಾವತ್ತೂ ಹೊಳೆದಿರಲಿಲ್ಲ.

ಕೊನೆಗೆ ಅವಳಿಗೆ ಮಾಡಲು ಹೇಳಿದ್ದು ಎರಡೇ ಕೆಲಸ. ಒಂದು, ಗೆರೆ ಸರಿ ಮಾಡುವುದು. ಇನ್ನೊಂದು, ನೆಟ್ಟಿನ ವಿಷಯವನ್ನೂ ಒಂದು ಸಾಲು ಬರೆಯುವುದು. ಕಾಗುಣಿತವನ್ನು ಪ್ರಾಜೆಕ್ಟ್ ಇಟ್ಟಿರುವ ಗಿಟ್‌ಹಬ್ ಸೈಟಿನ ಸಜೆಶನ್ (ತಿದ್ದುಪಡಿಯ ಸಲಹೆ) ಮಾಡಿ ಹಾಕಿದೆ. ಒಪ್ಪಿಗೆಯಾದರೆ ಬಟನ್ ಒತ್ತಿದರಾಯಿತು.

ನೀವೂ ಅಕ್ಷರದ ತಪ್ಪನ್ನು ಹೀಗೇ ತಿದ್ದಿಕೊಡಿ. ಓದುವವರ ಕೆಲಸವೇ ನಿಲ್ಲುವಂಥ ತಪ್ಪಾದರೆ ವಾಪಸ್ ಕಳಿಸಿ. ಆದರೆ 'ಸರಿಯಿಲ್ಲ' ಅಂತ ಮಾತ್ರ ಬರೆಯಬೇಡಿ. ಯಾವ ಮಷೀನು, ಯಾವ ಸಾಲು, ಏನು ಎರರ್ ಬಂತು, ಅಷ್ಟನ್ನೂ ಹೇಳಿ. ಸಮಯ ಇಲ್ಲದಿದ್ದರೆ 'ನೋಡಿದೆ, ಭಾನುವಾರ ಬರೆಯುತ್ತೇನೆ' ಅಂತಾದರೂ ಅವತ್ತೇ ತಿಳಿಸಿ. ಪೂರ್ತಿ ನೀವೇ ಬರೆದು ಸದ್ದಿಲ್ಲದೆ ಸೇರಿಸುವುದು ಮಾತ್ರ ಬೇಡ. ಅವರು ಯಾಕೆ ಹಾಗೆ ಬರೆದರು ಅಂತ ಕೇಳುವ ಅವಕಾಶವೇ ಹೋಗಿಬಿಡುತ್ತದೆ.

ಆ ಪುಲ್ ರಿಕ್ವೆಸ್ಟ್ ಮರುದಿನವೇ ಮರ್ಜ್ ಆಗಿ ಪ್ರಾಜೆಕ್ಟಿಗೆ ಸೇರಿತು. 'ಕಡತ'ದ ಜಗಳ ಇನ್ನೂ ಮುಗಿದಿಲ್ಲ.