ಬಾವಿ ಎಲ್ಲಿ ತೋಡಿಸ್ತೀರಿ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪದವಿ ಓದುತ್ತಿರುವ ಮಗಳಿಗೆ ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ ಪಠ್ಯವಂತೆ. ಓದಿ ಮುಗಿಸಿದ ಹುಡುಗಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಏನಿದೆ ಇದರಲ್ಲಿ ಎಂದು ಇವರೂ ಓದಿದರು, ಓದಿ ಸಿಟ್ಟಾದರು. ‘ಗೆಳೆಯನೇ ಗೆಳೆಯನ ತಲೆಗೆ ಗುಂಡು ಹೊಡೆಯುವ ಪುಸ್ತಕದಲ್ಲಿ ಸ್ನೇಹ ಎಲ್ಲಿದೆ? ಒಬ್ಬನ ಕನಸೂ ಕೈಗೂಡುವುದಿಲ್ಲ. ಬದುಕು ಕಟ್ಟಿಕೊಳ್ಳುವ ವಯಸ್ಸಿನವರಿಗೆ ಗೆದ್ದವರ ಕಥೆ ಕೊಡಬಾರದೆ? ನಿಮ್ಮಂಥವರು ಇಂಥ ಪುಸ್ತಕಗಳನ್ನೇ ಹೊಗಳುತ್ತೀರಿ’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಮಗಳು ಓದಿದ್ದನ್ನು ತಾನೂ ಓದಿ ನೋಡುವ ತಂದೆ ನೀವು. ಅದಕ್ಕೆ ಮೊದಲು ನಮಸ್ಕಾರ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಮೊದಲೇ ಮನಸ್ಸು ಮುರಿದು ಕೂತವರ ಕೈಗೆ ಯಾವ ಪುಸ್ತಕವನ್ನು ಯಾವಾಗ ಕೊಡಬೇಕು ಎಂದು ಕೊಡುವವರು ಯೋಚಿಸಬೇಕು. ಒಪ್ಪಿದೆ. ಆದರೆ ಸ್ನೇಹ ಎಲ್ಲಿದೆ ಎಂದು ಕೇಳಿದಿರಲ್ಲ, ಅಲ್ಲಿ ನಾನು ಸುಮ್ಮನಿರಲಾರೆ.

1937ರಲ್ಲಿ ಬಂದ ಪುಟ್ಟ ಕಾದಂಬರಿ ಅದು. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆ, ಸೊಲೆಡಾಡ್ ಎಂಬ ಊರಿನ ಆಸುಪಾಸು. ಸ್ಪ್ಯಾನಿಷ್ ಭಾಷೆಯಲ್ಲಿ ಸೊಲೆಡಾಡ್ ಎಂದರೆ ಒಂಟಿತನವೆಂದೇ ಅರ್ಥ. ಸ್ಟೈನ್‌ಬೆಕ್ ಕಟ್ಟಿದ ಹೆಸರಲ್ಲ, ಊರು ನಿಜವಾಗಿಯೂ ಇದೆ. ಅಲ್ಲಿಗೆ ಕೂಲಿಗೆ ಬರುವ ಗಂಡಸರು ತಿಂಗಳಿಗೆ 50 ಡಾಲರ್ ಎಣಿಸಿಕೊಂಡು, ಪೇಟೆಯಲ್ಲಿ ಕಳೆದು, ಮುಂದಿನ ಜಮೀನಿಗೆ ಹೊರಡುವವರು. ಅವರ ನಡುವೆ ಜಾರ್ಜ್ ಮತ್ತು ಲೆನ್ನಿ ಇಬ್ಬರೇ ಜೊತೆಯಾಗಿ ಅಲೆಯುತ್ತಾರೆ. ಆ ಜೊತೆಯೇ ಜಮೀನಿನ ಯಜಮಾನನಿಗೆ ಅನುಮಾನ ತರುತ್ತದೆ. ಆನೆಯಂಥ ಮೈ, ಎಳೆ ಮಗುವಿನ ಬುದ್ಧಿಯ ಲೆನ್ನಿಗೆ ಜಾರ್ಜ್ ರಾತ್ರಿ ಹೊತ್ತು ಒಂದು ಕಥೆ ಹೇಳುತ್ತಾನೆ. ಹತ್ತು ಎಕರೆ ಭೂಮಿ, ಸಣ್ಣ ಮನೆ, ಹಸು, ಕೋಳಿ, ಮೊಲಗಳಿಗೆ ಹಸಿರು ಮೇವು. ಲೆನ್ನಿಗೆ ಅದು ಬಾಯಿಪಾಠ. ಹಾಗಿದ್ದರೆ ನೀನೇ ಹೇಳಿಕೊ ಅಂದರೆ ಅವನ ಉತ್ತರ: ಇಲ್ಲ, ನೀನೇ ಹೇಳು, ನಾನು ಹೇಳಿದರೆ ಅದು ಹಾಗಿರಲ್ಲ.

ಇಡೀ ಪುಸ್ತಕ ನನಗೆ ಈ ಒಂದು ಮಾತಿನಲ್ಲಿದೆ. ನೀವು ಆ ಹತ್ತು ಎಕರೆ ಸಿಕ್ಕಿತೇ ಎಂದು ನೋಡಿದಿರಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಲಿಲ್ಲ.

ಮತ್ತೊಮ್ಮೆ ಓದಿ. ಕೈ ಕಳೆದುಕೊಂಡದ್ದಕ್ಕೆ 250 ಡಾಲರ್ ಪರಿಹಾರ ಪಡೆದ ಮುದುಕ ಕ್ಯಾಂಡಿ ಈ ಕಥೆಯನ್ನು ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡೇ ತನ್ನ 350 ಡಾಲರನ್ನೂ ಹಾಕುತ್ತೇನೆಂದು ಎದ್ದು ಕೂರುತ್ತಾನೆ. ಭೂಮಿಯ ಬೆಲೆ 600. ಆ ಕ್ಷಣದಲ್ಲಿ ಕನಸು ಕೈಗೆಟುಕುವಷ್ಟು ಹತ್ತಿರ. ಕಪ್ಪು ಬಣ್ಣದವನೆಂದು ಎಲ್ಲರ ಜೊತೆ ಮಲಗಲು ಬಿಡದೆ ಲಾಯದ ಪಕ್ಕದ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿರುವ ಕ್ರೂಕ್ಸ್, ನೂರಾರು ಕೂಲಿಗಳು ತಲೆಯಲ್ಲಿ ತುಂಡು ಭೂಮಿ ಹೊತ್ತು ಬಂದದ್ದನ್ನು ನೋಡಿದ್ದೇನೆ, ಒಬ್ಬನಿಗೂ ಸಿಗಲಿಲ್ಲ ಎನ್ನುತ್ತಾನೆ. ಅದೇ ಕ್ರೂಕ್ಸ್ ಅದೇ ರಾತ್ರಿ, ನಾನೂ ಬರಲೇ, ಕೂಲಿ ಬೇಡ, ಗುದ್ದಲಿ ಹಿಡಿಯುತ್ತೇನೆ ಎಂದು ಕೇಳಿ, ಸ್ವಲ್ಪ ಹೊತ್ತಿಗೇ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಯಜಮಾನನ ಮಗ ಕರ್ಲಿಯ ಹೆಂಡತಿಗೆ ಪುಸ್ತಕದುದ್ದಕ್ಕೂ ಹೆಸರೇ ಇಲ್ಲ. ಸಿನಿಮಾ ಸೇರಬೇಕಾಗಿತ್ತು ಎಂಬ ತನ್ನ ಕನಸನ್ನು ಅವಳು ಲೆನ್ನಿಯ ಮುಂದೆ ಹರಿಯಬಿಡುತ್ತಾಳೆ. ಅವನ ಗಮನ ಮೊಲದ ಮೇಲೆ. ಅವಳದೂ ಕನಸೇ, ಕೇಳುವವರಿಲ್ಲದ ಕನಸು. ನನ್ನನ್ನು ಕೇಳಿದರೆ ಕೊನೆಯ ಗುಂಡಿಗಿಂತ ಈ ದೃಶ್ಯವೇ ಹೆಚ್ಚು ಘೋರ.

ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲೇ, ಅವನು ಬೇಕೆಂದು ಮಾಡದೆ, ಸಾಯುತ್ತಾಳೆ. ಆಮೇಲೆ ಜಾರ್ಜ್ ಕ್ಯಾಂಡಿಯ ಎದುರು ಒಪ್ಪಿಕೊಳ್ಳುತ್ತಾನೆ: ಇದು ಆಗುವುದಿಲ್ಲವೆಂದು ನನಗೆ ಮೊದಲಿಂದ ಗೊತ್ತಿತ್ತು, ಅವನಿಗೆ ಕೇಳುವುದು ಅಷ್ಟು ಇಷ್ಟವಾಗಿದ್ದರಿಂದ, ಆಗಬಹುದೇನೋ ಎಂದು ನನಗೂ ಅನ್ನಿಸತೊಡಗಿತು. ಕೇಳುವ ಕಿವಿಯೊಂದು ಹೇಳುವವನಿಗೇ ನಂಬಿಕೆ ತಂದುಕೊಟ್ಟಿತು. ಸ್ನೇಹ ಎಲ್ಲಿದೆ ಎಂದಿರಲ್ಲ, ಇಲ್ಲಿದೆ. ಹೊಳೆಯ ದಂಡೆಯಲ್ಲಿ, ಹುಡುಕಿ ಬರುತ್ತಿರುವ ಗುಂಪಿನ ಕೈಗೆ ಲೆನ್ನಿ ಸಿಗುವ ಮೊದಲು, ಜಾರ್ಜ್ ಅವನನ್ನು ಆಚೆ ದಡ ನೋಡು ಎಂದು ಕೂರಿಸಿ ಅದೇ ಕಥೆ ಹೇಳುತ್ತಾನೆ. ಗುಂಡು ಹಾರುವಾಗ ಲೆನ್ನಿಯ ಕಣ್ಣೆದುರು ಆ ಮನೆ ಇದೆ. ಇದನ್ನು ಬರೀ ಕೊಲೆ ಎಂದು ಕರೆಯಲು ನಿಮಗೆ ಹೇಗೆ ಮನಸ್ಸಾಯಿತು ಮೇಷ್ಟ್ರೇ?

ಚೆಕಾವ್ 1886ರಲ್ಲಿ ಬರೆದ ಒಂದು ಸಣ್ಣಕಥೆಯಲ್ಲಿ ಹಿಮ ಬೀಳುವ ರಾತ್ರಿ ಗಾಡಿ ಹೊಡೆಯುವ ಅಯೋನ, ಸತ್ತುಹೋದ ಮಗನ ವಿಷಯ ಹೇಳಿಕೊಳ್ಳಲು ಗಿರಾಕಿ ಗಿರಾಕಿಯ ಕಡೆ ತಿರುಗುತ್ತಾನೆ. ಯಾರಿಗೂ ಪುರುಸೊತ್ತಿಲ್ಲ. ಕಡೆಗೆ ಲಾಯಕ್ಕೆ ಹೋಗಿ ಹುಲ್ಲು ಮೇಯುತ್ತಿರುವ ಕುದುರೆಗೆ ಹೇಳಿಕೊಳ್ಳುತ್ತಾನೆ. ನಮ್ಮವರೇನು ಕಡಿಮೆಯೇ? ಕಾರಂತರ ‘ಚೋಮನ ದುಡಿ’ 1933ರದು. ಚೋಮನಿಗೆ ಎತ್ತಿವೆ, ಉಳಲು ಭೂಮಿಯಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕರಗಿದರೂ ಜಾತಿಯ ಕಟ್ಟು ಕರಗುವುದಿಲ್ಲ. ಹೇಳಿಕೊಳ್ಳಲು ಚೋಮನಿಗೆ ಉಳಿಯುವುದು ದುಡಿಯೊಂದೇ, ಸಾಯುವ ತನಕ ಬಡಿಯುತ್ತಾನೆ. ‘ಬೆಟ್ಟದ ಜೀವ’ದ ಗೋಪಾಲಯ್ಯ ಮತ್ತು ಶಂಕರಮ್ಮ, ಮಗ ಬಿಟ್ಟುಹೋದ ಮನೆಯಲ್ಲಿ, ದಾರಿ ತಪ್ಪಿ ಬಂದ ಅತಿಥಿಯನ್ನು ಇನ್ನೂ ಒಂದು ದಿನ ಇರಿ ಎಂದು ಹಿಡಿದು ನಿಲ್ಲಿಸಿಕೊಳ್ಳುವುದು ಬರೀ ಉಪಚಾರಕ್ಕಲ್ಲ. ನಿಮ್ಮ ಸುತ್ತಿನ ಅಡಿಕೆ ತೋಟದ ಮನೆಗಳಲ್ಲಿ ಇಂದು ಎಷ್ಟು ಗೋಪಾಲಯ್ಯಂದಿರಿದ್ದಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಾನು ಪ್ರೂಫ್ ತಿದ್ದುವ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಚಾಮರಾಜಪೇಟೆಯ ಒಂದು ಕೋಣೆಯಲ್ಲಿ ಕರಾವಳಿ ಕಡೆಯ ಅಚ್ಚುಮೊಳೆ ಜೋಡಿಸುವವರೊಬ್ಬರ ಜೊತೆಗಿದ್ದೆ. ರಾತ್ರಿ ಊಟವಾದ ಮೇಲೆ ಅವರು ಹಳೇ ಪ್ರೂಫ್ ಹಾಳೆಯ ಬೆನ್ನಿನ ಮೇಲೆ ಊರಲ್ಲಿ ಕೊಳ್ಳಲಿರುವ ಎರಡು ಎಕರೆಯ ನಕ್ಷೆ ಬಿಡಿಸುತ್ತಿದ್ದರು. ಸೀಸದ ಮಸಿ ಹತ್ತಿದ ಬೆರಳು ಇಟ್ಟಲ್ಲೆಲ್ಲ ಕಪ್ಪು ಗುರುತು. ಇಲ್ಲಿ ಪುನರ್ಪುಳಿ ಮರ, ಇಲ್ಲಿ ಹಟ್ಟಿ, ಇಲ್ಲಿ ತೆಂಗಿನ ಸಾಲು. ಬಾವಿ ಮಾತ್ರ ದಿನಕ್ಕೊಂದು ಕಡೆ. ‘ಬಾವಿ ಎಲ್ಲಿ ತೋಡಿಸ್ತೀರಿ?’ ಎಂದು ನಾನು ಕೇಳಬೇಕು. ಕೇಳದೆ ಮಲಗಿದರೆ ಅವರೇ ಕೆಮ್ಮಿ ಎಬ್ಬಿಸುತ್ತಿದ್ದರು. ಮೂರು ವರ್ಷ ಹೀಗೆ ನಡೆಯಿತು. ಮದುವೆಯಾಗಿ ನಾನು ಬೇರೆ ಮನೆ ಮಾಡಿದೆ. ವರ್ಷದ ಮೇಲೆ ದಾರಿಯಲ್ಲಿ ಸಿಕ್ಕಾಗ, ಜಾಗದ ವಿಷಯ ಎಲ್ಲಿಗೆ ಬಂತು ಎಂದೆ. ‘ಯಾವ ಜಾಗ ಮಾರಾಯ್ರೇ’ ಎಂದರು. ಆ ಉತ್ತರ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಗೆದ್ದವರ ಕಥೆ ಕೊಡಿ ಎನ್ನುತ್ತೀರಿ. ಈಗ ಅದಕ್ಕೇನು ಬರ? ಪುಸ್ತಕದಂಗಡಿಗೆ ಹೋಗಿ, ಎದುರಿನ ಕಪಾಟಿನ ತುಂಬ ಅವೇ ಇವೆ. ಬೆಳಿಗ್ಗೆ ಐದಕ್ಕೆ ಏಳಿ, ಹೀಗೆ ಮಾಡಿ, ಹಾಗೆ ಗೆಲ್ಲಿ. ಕಾದಂಬರಿ ಹಿಂದಿನ ಗೋಡೆಗೆ ಸರಿದಿದೆ. ಕಾಲೇಜಿನಲ್ಲೋ ಕಾದಂಬರಿಯ ಸಂದೇಶ ಬರೆಯಿರಿ, ಐದು ಅಂಕ! ಸ್ಟೈನ್‌ಬೆಕ್ ಈ ಪುಸ್ತಕಕ್ಕೆ ಮೊದಲು ಇಡಬೇಕೆಂದಿದ್ದ ಹೆಸರು ‘ನಡೆದ ಒಂದು ಸಂಗತಿ’ ಎಂಬರ್ಥದ್ದು, ಅಷ್ಟೇ. ಅರ್ಧ ಹಸ್ತಪ್ರತಿಯನ್ನು ಅವರ ನಾಯಿಮರಿ ಹರಿದು ಚೂರು ಮಾಡಿತು. ಬೇರೆ ಪ್ರತಿ ಇರಲಿಲ್ಲ. ಎರಡು ತಿಂಗಳ ದುಡಿಮೆಯನ್ನು ಅವರು ಮತ್ತೆ ಮಾಡಿದರು. ಅಷ್ಟು ಕಷ್ಟಪಟ್ಟು ಬರೆದದ್ದನ್ನು ಐದು ಅಂಕದ ಸಂದೇಶ ಮಾಡಿಬಿಟ್ಟೆವಲ್ಲ! ಮನೆಯಲ್ಲಿ ಮೂವರು ಮೂರು ಮೊಬೈಲು ಹಿಡಿದು ಕೂರುತ್ತೇವೆ. ಪಕ್ಕದವರು ಏನೋ ಹೇಳಲು ಬಾಯಿ ತೆರೆದರೆ ‘ಹ್ಞೂಂ’ ಎನ್ನುತ್ತೇವೆ, ತಲೆ ಎತ್ತುವುದಿಲ್ಲ. ಕ್ರೂಕ್ಸ್‌ನ ಕೋಣೆಗೆ ಒಂದು ಬಾಗಿಲಾದರೂ ಇತ್ತು, ಲೆನ್ನಿ ಬಂದು ನಿಂತ.

ನಿಮ್ಮ ಮಗಳು ಎರಡು ದಿನ ಮಾತಾಡಲಿಲ್ಲ ಎಂದು ದೂರಿದ್ದೀರಿ. ನನಗೆ ಅದು ದೂರಾಗಿ ಕಾಣಲಿಲ್ಲ. ಯಾರದೋ ದೇಶದ, 1930ರ ದಶಕದ ಇಬ್ಬರು ಕೂಲಿಗಳಿಗಾಗಿ ನಿಮ್ಮ ಮನೆಯ ಹುಡುಗಿ ಎರಡು ದಿನ ಮೌನವಾಗಿದ್ದಳು. ಆದರೆ ಮೂರನೆಯ ದಿನ ಏನು ಹೇಳಿದಳು ಎಂಬುದನ್ನು ನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ. ಕೇಳಿದಿರಾ? ಕೇಳಿಲ್ಲದಿದ್ದರೆ ಇವತ್ತು ಸಂಜೆ ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ