ಒಂದು ವಾರ ಮಾಲ್ಗುಡಿಯಲ್ಲಿ: ಈ ಸಲ ನನಗೆ ಕಂಡಿದ್ದು ಅಪ್ಪಂದಿರು

ಆರ್.ಕೆ. ನಾರಾಯಣ್ ಅವರ ಕಥೆಗಳ ಹಳೇ ಟಿವಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಈಗ ನೋಡಿದರೂ ಹಿಡಿಸುತ್ತಾ, ಇಲ್ಲ ನಲವತ್ತು ದಾಟಿದವರೆಲ್ಲ ಬಾಲ್ಯದ ನೆನಪಿಗೆ ಸುಮ್ಮನೆ ಹೊಗಳುತ್ತೀರಾ ಅಂತ ಕೇಳಿದ್ದೀರಿ. ಎಂಟು ವರ್ಷದ ಮಗಳಿಗೆ ತೋರಿಸಬಹುದಾ ಅಂತಲೂ ಕೇಳಿದ್ದೀರಿ. ಮಗಳ ದಸರಾ ರಜೆಯಲ್ಲಿ ನಾವು ಮನೆಯವರೆಲ್ಲ ಕೂತು ಒಂದು ವಾರ ರಾತ್ರಿ ಊಟ ಆದಮೇಲೆ ದಿನಕ್ಕೊಂದು ಕಂತು ನೋಡಿದೆವು. ನನ್ನ ಮಗಳಿಗೆ ಒಂಬತ್ತು. ಜೊತೆಗೆ ಎಪ್ಪತ್ತೆರಡರ ನಮ್ಮಮ್ಮ. ಹಾಗಾಗಿ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಕೊಡುವಷ್ಟು ವಿಷಯ ನನ್ನ ಹತ್ತಿರ ಇದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಹಿಡಿಸುತ್ತೆ. ಆದರೆ ನಾನು ನೆನಪಿಟ್ಟುಕೊಂಡಿದ್ದ ಧಾರಾವಾಹಿ ಬೇರೆ, ಈಗ ನೋಡಿದ್ದು ಬೇರೆ. ಆಗ ಅದು ಹುಡುಗರ ಕಥೆ ಅಂದುಕೊಂಡಿದ್ದೆ. ಸ್ವಾಮಿ, ಕ್ರಿಕೆಟ್ಟು, ಶಾಲೆ ತಪ್ಪಿಸಿಕೊಳ್ಳೋದು, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು, ಎಲ್. ವೈದ್ಯನಾಥನ್ ಅವರ ಆ ‘ತಾನ ನ ತಾನ ನಾ’. ಈಗ ನೋಡಿದರೆ ಅರ್ಧಕ್ಕರ್ಧ ಕಂತು ದೊಡ್ಡವರದ್ದು. ಅದರಲ್ಲೂ ಅಪ್ಪಂದಿರದ್ದು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಅಪ್ಪ, ತಪ್ಪು ಗೊತ್ತಾದಮೇಲೂ ಒಪ್ಪಿಕೊಳ್ಳದ ಅಪ್ಪ, ಮಗನಿಗೆ ಧೈರ್ಯ ಕಲಿಸೋಕೆ ಹೋಗಿ ಸುಮ್ಮನಾಗುವ ಅಪ್ಪ. ನಾನು ತಾಯಿ, ಆದರೂ ಆ ಅಪ್ಪಂದಿರಲ್ಲಿ ನನ್ನನ್ನೇ ಕಂಡೆ.

ನಾವಿರೋದು ದಾವಣಗೆರೆ. ಮೊದಲ ದಿನ ಟೈಟಲ್ಲಿನಲ್ಲಿ ನಿರ್ದೇಶಕ ಶಂಕರ್‌ನಾಗ್ ಹೆಸರು ಬಂದಾಗ ಅಮ್ಮ ಸಣ್ಣಗೆ ‘ಆನಗೋಡು’ ಅಂದರು, ಅಷ್ಟೇ. 1990ರ ಸೆಪ್ಟೆಂಬರ್ 30ಕ್ಕೆ ಅವರು ಅಪಘಾತದಲ್ಲಿ ಹೋಗಿದ್ದು ನಮ್ಮೂರ ಪಕ್ಕದ ಆನಗೋಡಿನ ಹತ್ತಿರ. ಆಗ ಅವರಿಗೆ 35 ವರ್ಷ. ಈ ಧಾರಾವಾಹಿ ದೂರದರ್ಶನದಲ್ಲಿ ಶುರುವಾಗಿದ್ದು 1986ರಲ್ಲಿ, ಅಂದರೆ ಅವರಿಗೆ ಮೂವತ್ತು ದಾಟಿ ಒಂದೆರಡು ವರ್ಷ ಅಷ್ಟೇ. ಆ ವಯಸ್ಸಿಗೆ ಮುದುಕರ ಮನಸ್ಸನ್ನು, ಮಕ್ಕಳ ಮನಸ್ಸನ್ನು ಇಷ್ಟು ಸಮಾಧಾನದಿಂದ ಹೇಗೆ ತೆಗೆದರೋ ಅಂತ ವಾರವಿಡೀ ಅನ್ನಿಸುತ್ತಲೇ ಇತ್ತು.

ಸೋಮವಾರ ಹಾಕಿದ್ದು ಸ್ವಾಮಿ ಕಳ್ಳನನ್ನು ಹಿಡಿಯುವ ಕಂತು. ಹುಲಿಯ ಜೊತೆ ಹೋರಾಡಿದ ಹುಡುಗನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾರೆ. ಮೈಯಲ್ಲಿ ಬಲ ಇದ್ದರೆ ಸಾಲದು, ಧೈರ್ಯ ಮುಖ್ಯ ಅನ್ನುತ್ತಾರೆ. ಹಾಗಾದರೆ ಇವತ್ತು ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಅಜ್ಜಿಯ ಪಕ್ಕದಿಂದ ಎಬ್ಬಿಸಿಕೊಂಡು ಹೋಗುತ್ತಾರೆ. ಗಿರೀಶ್ ಕಾರ್ನಾಡರು ಆ ಅಪ್ಪ, ಮಾಸ್ಟರ್ ಮಂಜುನಾಥ್ ಸ್ವಾಮಿ. ಚಿಕ್ಕವಳಿದ್ದಾಗ ನನಗೆ ಕಾರ್ನಾಡರ ಮುಖ ಕಂಡರೆ ಭಯ. ಈಗ ನೋಡಿದರೆ ಆ ಮನುಷ್ಯನಿಗೆ ಮಗನ ಮೇಲೆ ಎಷ್ಟು ಪ್ರೀತಿ, ಅದನ್ನು ತೋರಿಸೋಕೆ ಎಷ್ಟು ಬಾರದು ಅನ್ನೋದು ಕಾಣುತ್ತೆ. ಕತ್ತಲಲ್ಲಿ ಹೆದರಿದ ಸ್ವಾಮಿ ದೆವ್ವ ಅಂತ ತಿಳಿದು ಕಳ್ಳನ ಕಾಲು ಕಚ್ಚುತ್ತಾನೆ, ಊರಿಗೆಲ್ಲ ಹೀರೋ ಆಗುತ್ತಾನೆ. ಮರುದಿನ ರಾತ್ರಿ ಅಪ್ಪ ಬಂದು ನೋಡಿದರೆ ಮತ್ತೆ ಅಜ್ಜಿಯ ಪಕ್ಕ. ಅವರು ಮಾತು ನಿಲ್ಲಿಸಿಬಿಡುತ್ತಾರೆ. ನನ್ನ ಮಗಳು ಇನ್ನೂ ನಮ್ಮ ಜೊತೆಯೇ ಮಲಗುತ್ತಾಳೆ. ಆ ದೃಶ್ಯ ಬಂದಾಗ ಅಜ್ಜಿಯ ಸೆರಗು ಹಿಡಿದುಕೊಂಡು ನನ್ನ ಕಡೆ ನೋಡಿದಳು. ನಾನೂ ಮಾತು ನಿಲ್ಲಿಸಿದೆ.

ಮಂಗಳವಾರದ ಪೋಸ್ಟ್‌ಮ್ಯಾನ್ ಕಥೆಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ತಾನಪ್ಪ ಬೀದಿಯ ಎಲ್ಲರ ಮನೆಯ ಸುಖದುಃಖ ಗೊತ್ತಿರುವ ಅಂಚೆಯವ. ರಾಮಾನುಜಂ ಅವರ ಮಗಳ ಮದುವೆಗೆ ಒಂದೇ ದಿನ ಇರುವಾಗ, ಕುಟುಂಬದ ಹಿರಿಯರೊಬ್ಬರಿಗೆ ಸೀರಿಯಸ್ ಆಗಿದೆ ಅನ್ನುವ ಕಾರ್ಡು ಬರುತ್ತೆ, ಹಿಂದೆಯೇ ಸಾವಿನ ತಂತಿ. ತಾನಪ್ಪ ಎರಡನ್ನೂ ಕೊಡೋದಿಲ್ಲ. ಮದುವೆ ಮುಗಿದಮೇಲೆ ತಂದುಕೊಟ್ಟು ತಪ್ಪೊಪ್ಪಿಕೊಳ್ಳುತ್ತಾನೆ. ಮಗಳಿಗೆ ಇದು ಅರ್ಥವಾಗಲಿಲ್ಲ. ಯಾರೋ ದೂರದಲ್ಲಿ ತೀರಿಕೊಂಡರೆ ಇಲ್ಲಿ ಮದುವೆ ಯಾಕೆ ನಿಲ್ಲಬೇಕು? ಸೂತಕ ಅಂದರೇನು ಅಂತ ಅಮ್ಮ ವಿವರಿಸಿ, ಆಮೇಲೆ ತಮ್ಮ ತೀರ್ಪನ್ನೂ ಕೊಟ್ಟರು: “ಅಂವ ಮಾಡಿದ್ದೇ ಸರಿ ಐತಿ. ಸತ್ತೋರು ತಿರುಗಿ ಬರ್ತಾರೇನು? ಹುಡುಗಿ ಮದುವಿ ತಪ್ಪಿದ್ರ ಯಾರು ಮಾಡ್ತಿದ್ರು?” ನನ್ನ ಗಂಡ ಒಪ್ಪಲಿಲ್ಲ. ಕೊನೇ ಸಲ ಮುಖ ನೋಡುವ ಅವಕಾಶವನ್ನು ಇನ್ನೊಬ್ಬ ಕಿತ್ತುಕೊಳ್ಳಬಾರದು ಅಂದರು. ಕಥೆಯಲ್ಲಿ ರಾಮಾನುಜಂ ಕೂಡ ದೂರು ಕೊಡೋದಿಲ್ಲ ಅನ್ನುತ್ತಾರೆ, ಆದರೆ ನೀನು ಹೀಗೆ ಮಾಡಬಾರದಿತ್ತು ಅಂತಲೂ ಅನ್ನುತ್ತಾರೆ. ಇಪ್ಪತ್ತೈದು ನಿಮಿಷದೊಳಗೆ ಮುಗಿದ ಕಂತಿನ ಬಗ್ಗೆ ನಾವು ಒಂದು ಗಂಟೆ ಮಾತಾಡಿದೆವು.

ಬುಧವಾರದ್ದು ಮುನಿ ಅನ್ನುವ ಹಳ್ಳಿಯ ಮುದುಕ ಮತ್ತು ಅಮೆರಿಕದವನ ಕಥೆ, ಎರಡು ಆಡು ಮತ್ತು ಮಣ್ಣಿನ ಕುದುರೆಯದ್ದು. ಕಥೆಯಾಗಿ ಓದುವಾಗ ನಗು ತಡೆಯೋಕಾಗಲ್ಲ, ಪರದೆಯ ಮೇಲೆ ನನಗೆ ಸ್ವಲ್ಪ ಎಳೆದಂತೆ ಅನ್ನಿಸಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು ಅನ್ನೋದೇ ಅದರ ಸ್ವಾರಸ್ಯ, ಮೊದಲ ಹತ್ತು ನಿಮಿಷಕ್ಕೆ ಅದು ತಿಳಿದುಬಿಡುತ್ತೆ. ಅಮ್ಮನಿಗೆ ಮಾತ್ರ ಬಹಳ ಇಷ್ಟವಾಯಿತು. ಅವರಿಗೆ ಹಿಂದಿಯೂ ಅಷ್ಟಕ್ಕಷ್ಟೇ, ಇಂಗ್ಲಿಷೂ ಬಾರದು. ಇಬ್ಬರ ಮಾತೂ ಅರ್ಥವಾಗದೆ ಮುಖ ನೋಡಿಯೇ ಕಥೆ ಹಿಡಿದರು.

ಭಾಷೆಯ ವಿಷಯ ಬಂತು, ಹೇಳಿಬಿಡುತ್ತೇನೆ. ಆಗುಂಬೆಯ ಬೀದಿ, ಅಲ್ಲಿಯ ದೊಡ್ಡಮನೆ, ನಮ್ಮ ರಂಗಭೂಮಿಯ ಕಲಾವಿದರು, ಮೈಸೂರಿನಲ್ಲಿ ಬಾಳಿದ ಲೇಖಕ, ನಮ್ಮ ನಿರ್ದೇಶಕ. ಇಷ್ಟೆಲ್ಲ ನಮ್ಮದಾಗಿ ಮಾತು ಮಾತ್ರ ಹಿಂದಿ. ದೇಶಕ್ಕೆಲ್ಲ ತಲುಪಬೇಕು ಅಂತ ಹಾಗೆ ಮಾಡಿದ್ದು, ಅದು ಗೊತ್ತು. ಆದರೂ ಸ್ವಾಮಿಯ ಅಜ್ಜಿ ಬಾಯಿ ತೆರೆದಾಗಲೆಲ್ಲ ಅಲ್ಲಿ ಕನ್ನಡ ಬರುತ್ತೆ ಅಂತ ಕಿವಿ ಕಾಯುತ್ತೆ, ಬರಲ್ಲ. ಪ್ರತಿ ಕಂತಿನಲ್ಲೂ ನನಗೆ ಆ ನೋವು ಆಯಿತು. ಯೂಟ್ಯೂಬ್‌ನಲ್ಲಿ ಸಿಕ್ಕ ಪ್ರತಿಯಲ್ಲಿ ಬಣ್ಣ ಮಾಸಿದೆ, ಕೆಲವು ಕಡೆ ಧ್ವನಿ ಗುಂಯ್ ಅನ್ನುತ್ತೆ. ಮಗಳು ಮೊದಲ ದಿನ ಅದಕ್ಕೆ ಮುಖ ಕಿವುಚಿದಳು, ಎರಡನೇ ದಿನದಿಂದ ಮರೆತಳು.

ಗುರುವಾರದ ಕಂತಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಲೀಲಾ ಮತ್ತು ಸಿದ್ದನ ಕಥೆ. ಶಿವಶಂಕರ್ ಅವರ ಮನೆಗೆ ಸಿದ್ದ ಅನ್ನುವವನು ಕೆಲಸಕ್ಕೆ ಸೇರುತ್ತಾನೆ. ಐದು ವರ್ಷದ ಲೀಲಾಗೆ ಅವನೇ ಗೆಳೆಯ. ಚೆಂಡು ಎಸೆದರೆ ಚಂದ್ರನನ್ನು ಮುಟ್ಟಿ ಬರುತ್ತೆ ಅನ್ನುತ್ತಾನೆ, ಅವಳು ನಂಬುತ್ತಾಳೆ. ರಾತ್ರಿ ಅವಳು ಟೀಚರ್ ಆಗಿ ಅವನಿಗೆ ಅಕ್ಷರ ಕಲಿಸುತ್ತಾಳೆ, ಅವನ ಕೈಗೆ ಬಳಪ ಹಿಡಿಯೋಕೂ ಬಾರದು. ಒಂದು ದಿನ ಲೀಲಾಳ ಕತ್ತಿನ ಚಿನ್ನದ ಸರ ಕಾಣೋದಿಲ್ಲ, ಸಿದ್ದನೂ ಕಾಣೋದಿಲ್ಲ. ಪೊಲೀಸರು ಇವನು ಹಳೇ ಕಳ್ಳ, ಜೈಲಿಗೆ ಹೋಗಿಬಂದವ ಅನ್ನುತ್ತಾರೆ. ಹಿಡಿದು ತರುತ್ತಾರೆ. ಕೆಲವು ದಿನ ಬಿಟ್ಟು ಲೀಲಾಳ ಅಮ್ಮ ಹುಣಸೆಹಣ್ಣಿನ ಮಡಕೆಗೆ ಕೈ ಹಾಕಿದರೆ ಸರ ಅಲ್ಲಿರುತ್ತೆ. ಮಗುವೇ ಹಾಕಿದ್ದು. ಅಪ್ಪ ಏನು ಹೇಳುತ್ತಾರೆ ಗೊತ್ತಾ? ಪೊಲೀಸರಿಗೆ ತಿಳಿಸೋಣ, ಆದರೆ ಏನೇ ಆಗಲಿ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳೋಕಾಗುತ್ತಾ ಅನ್ನುತ್ತಾರೆ.

ಕಥೆ ಅಲ್ಲಿಗೆ ಮುಗಿಯುತ್ತೆ. ಮಗಳು ಇನ್ನೂ ಇದೆ ಅಂತ ಕಾದಳು. “ಸಿದ್ದ ವಾಪಸ್ ಬರಲ್ವಾ? ಸಾರಿ ಕೇಳಲ್ವಾ?” ಅಂತ ನನ್ನ ಮುಖ ನೋಡಿದಳು.

ನಾಲ್ಕು ವರ್ಷದ ಹಿಂದೆ ನನ್ನ ಒಂದು ಕಿವಿಯೋಲೆ ಕಳೆದಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನನ್ನು ನಾನು ಬಾಯಿಬಿಟ್ಟು ಕಳ್ಳಿ ಅನ್ನಲಿಲ್ಲ. ಆದರೆ ಮೂರು ಸಲ ‘ಗುಡಿಸುವಾಗ ಕಂಡಿತೇನು’ ಅಂತ ಕೇಳಿದೆ. ಮೂರನೇ ಸಲ ಕೇಳಿದ ಮರುದಿನದಿಂದ ಅವರು ಬರಲಿಲ್ಲ. ಓಲೆ ಸಿಕ್ಕಿದ್ದು ಎರಡು ವಾರ ಬಿಟ್ಟು, ನನ್ನದೇ ಸ್ವೆಟರಿನ ಹೆಣಿಗೆಯಲ್ಲಿ ಸಿಕ್ಕಿಕೊಂಡಿತ್ತು. ಆವಾಗ ನನ್ನ ಮನಸ್ಸಿಗೆ ಬಂದಿದ್ದು ‘ಹೇಗೂ ಬೇರೆಯವರು ಸಿಕ್ಕಿದ್ದಾರಲ್ಲ’ ಅನ್ನೋದು. ಅವರ ಮನೆ ಹುಡುಕಿಕೊಂಡು ಹೋಗಿ ಹೇಳಲಿಲ್ಲ. ಗುರುವಾರ ರಾತ್ರಿ ಮಗಳಿಗೆ ಇದನ್ನು ಹೇಳಿದೆ. ಅಮ್ಮ ಟಿವಿ ಆರಿಸಿ ಸುಮ್ಮನೆ ಕೂತರು. ಈ ಧಾರಾವಾಹಿ ಬರೀ ಹಳೇ ನೆನಪು ಅನ್ನುವವರಿಗೆ ನನ್ನ ಉತ್ತರ ಈ ಒಂದು ಕಂತು.

ಶುಕ್ರವಾರ ವಿಷ್ಣುವರ್ಧನ್ ಮಾಡಿರುವ ‘ನಲವತ್ತೈದು ರೂಪಾಯಿ’ಯ ಕಥೆ. ಗುಮಾಸ್ತ ವೆಂಕಟರಾವ್ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಅಂದಿರುತ್ತಾನೆ. ಮೇಲಧಿಕಾರಿ ಬಿಡೋದಿಲ್ಲ. ಸಿಟ್ಟಿಗೆ ರಾಜೀನಾಮೆ ಬರೆದುಕೊಂಡು ಹೋದರೆ, ನಿನಗೆ ಐದು ರೂಪಾಯಿ ಸಂಬಳ ಜಾಸ್ತಿ ಆಗಿದೆ ಅನ್ನುವ ಸುದ್ದಿ. ಚೀಟಿ ಜೇಬಿಗೆ ವಾಪಸ್ಸು. ರಾತ್ರಿ ಮನೆಗೆ ಬಂದರೆ ಮಗು ಹೊಸ ಫ್ರಾಕಿನಲ್ಲೇ ನಿದ್ದೆ ಹೋಗಿದೆ, ಬಟ್ಟೆ ಮುದುಡುತ್ತೆ ಅಂತ ಸರಿಯಾಗಿ ಮಲಗಲೂ ಇಲ್ಲ. ಎಷ್ಟು ದೊಡ್ಡ ನಟ, ಇಲ್ಲಿ ಹೆಗಲು ಇಳಿಬಿಟ್ಟುಕೊಂಡು ಎಂಥ ಸಣ್ಣ ಮನುಷ್ಯನಾಗಿ ನಿಂತಿದ್ದಾರೆ ನೋಡಿ. ನಾನು ಲೆಕ್ಕಪತ್ರದ ಕೆಲಸದವಳು. ಮಾರ್ಚ್ ತಿಂಗಳಲ್ಲಿ ನನ್ನ ಮಗಳು ಹೀಗೆಯೇ ಸೋಫಾದ ಮೇಲೆ ಶೂ ಸಮೇತ ಮಲಗಿದ್ದನ್ನು ಎರಡು ಸಲ ಕಂಡಿದ್ದೇನೆ. ಇದನ್ನು ನೋಡುವಾಗ ಅಳು ತಡೆಯೋಕಾಗಲಿಲ್ಲ.

ಇವತ್ತಿನ ನಮ್ಮ ಧಾರಾವಾಹಿಯಾಗಿದ್ದರೆ ಆ ಮಗುವಿನ ಮುಖವನ್ನು ನಾಲ್ಕು ಕಡೆಯಿಂದ ತೋರಿಸಿ, ಗುಡುಗಿನ ಸದ್ದು ಹಾಕಿ, ನಾಳೆಗೆ ಮುಂದೂಡುತ್ತಿದ್ದರು. ಅಲ್ಲಿ ದುಡಿಯುವವರ ಕಷ್ಟವೂ ಇದೆ, ವಾರಕ್ಕೆ ಐದಾರು ಕಂತು ಒದಗಿಸಬೇಕು. ಆದರೂ ಒಂದು ದುಃಖವನ್ನು ತೋರಿಸಿ ಸುಮ್ಮನಾಗುವ ಧೈರ್ಯ ಹೋಗಿಬಿಟ್ಟಿದೆ ಅನ್ನೋದು ನಿಜ.

ಶನಿವಾರ, ಭಾನುವಾರ ‘ಸ್ವಾಮಿ ಮತ್ತು ಗೆಳೆಯರು’ ಸರಣಿಯ ಕೊನೆಯ ಕಂತುಗಳು. ನಡುವಿನವನ್ನು ಬಿಟ್ಟಿದ್ದಕ್ಕೆ ಮಗಳು ಬೈದಳು, ಅವನ್ನು ಈಗ ನೋಡುತ್ತಿದ್ದಾಳೆ. ಸ್ವಾಮಿಯ ಗೆಳೆಯ ರಾಜಂ ಊರು ಬಿಡುತ್ತಾನೆ. ಸ್ವಾಮಿ ಅವನಿಗಾಗಿ ಒಂದು ಕಥೆಪುಸ್ತಕ ಹಿಡಿದು ಸ್ಟೇಷನ್ನಿಗೆ ಓಡುತ್ತಾನೆ. ಕ್ರಿಕೆಟ್ ಮ್ಯಾಚಿಗೆ ಬರಲಿಲ್ಲ ಅಂತ ರಾಜಂಗೆ ಕೋಪ, ಮಾತಿಲ್ಲ. ರೈಲು ಹೊರಡುತ್ತೆ. ರೈಲಿನ ದೃಶ್ಯಗಳನ್ನು ತೆಗೆದಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನಿನಲ್ಲಿ. ಹಳೇ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಮ್ಮಲ್ಲಿಂದ ಒಂದೇ ದಿನದಲ್ಲಿ ಹೋಗಿಬರಬಹುದು, ಡಿಸೆಂಬರಿನಲ್ಲಿ ಹೋಗೋಣ ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ. ವೆಂಕಟರಾವ್‌ನನ್ನು ನೋಡಿದಮೇಲೆ ಆ ತಾರೀಕಿಗೆ ಈಗಲೇ ರಜೆ ಹಾಕಿದ್ದೇನೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಖಂಡಿತ ತೋರಿಸಿ. ಸ್ವಾಮಿ ಕಳ್ಳನನ್ನು ಹಿಡಿಯೋದರಿಂದ ಶುರುಮಾಡಿ, ಅದು ಯಾವ ಮಗುವಿಗೂ ಹಿಡಿಸುತ್ತೆ. ಹಿಂದಿ ಬಾರದಿದ್ದರೆ ಪಕ್ಕದಲ್ಲಿ ಕೂತು ಅಲ್ಲಲ್ಲಿ ಹೇಳುತ್ತಾ ಹೋಗಿ, ನಮ್ಮನೆಯಲ್ಲಿ ಎರಡು ದಿನ ಸಾಕಾಯಿತು. ಸಾಲಾಗಿ ಹಚ್ಚಬೇಡಿ, ದಿನಕ್ಕೆ ಒಂದೇ. ಲೀಲಾ ಮತ್ತು ಸಿದ್ದನ ಕಂತು ಹಾಕುವ ದಿನ ಮೊಬೈಲ್ ಕೊಟ್ಟು ಅಡುಗೆಮನೆಗೆ ಹೋಗಬೇಡಿ. ಮುಗಿದಮೇಲೆ ಅವಳು ಸಿದ್ದ ಏನಾದ ಅಂತ ಕೇಳುತ್ತಾಳೆ, ಆಗ ನೀವು ಅಲ್ಲಿರಬೇಕು.